ನಾಲ್ಕು ಮೂರ್ಲ ಹನ್ನೆರಡು

ಆ ಮೆಟ್ಟಿಲು ಹತ್ತಿದರೆ ಎಲ್ಲಿಗೂ ಹೋಗುವಂತಿಲ್ಲ. ಅಭ್ಯಾಸದ ಕೋಣೆಯ ಮೂಲೆಯಲ್ಲಿ ಮರದ ನಾಲ್ಕು ಮೆಟ್ಟಿಲು, ಮೇಲೆ ಒಬ್ಬರು ನಿಂತು ತಿರುಗುವಷ್ಟು ಹಲಗೆ, ಎರಡೂ ಕಡೆ ನುಣ್ಣನೆಯ ಸ್ಟೀಲು ಕಂಬಿ. ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದವರು, ಕಾಲು ಕಳೆದುಕೊಂಡವರು ಹತ್ತುತ್ತಾರೆ, ತಿರುಗುತ್ತಾರೆ, ಇಳಿಯುತ್ತಾರೆ. ಇಷ್ಟೆಲ್ಲ ಪಾಡು ಪಟ್ಟ ಮೇಲೂ ಹೊರಟ ಜಾಗದಲ್ಲೇ ಇರುತ್ತಾರೆ. ಹೊಸಬರಿಗೆ ಇದು ನಗು ತರಿಸುತ್ತದೆ. ಎರಡನೆಯ ಸುತ್ತಿಗೆ ನಗು ಇಂಗುತ್ತದೆ.

ಆ ಮೆಟ್ಟಿಲಿನ ಪಕ್ಕ ಒಂದೂವರೆ ವರ್ಷ ನಿಂತಿದ್ದ ಹುಡುಗಿಯನ್ನು ಅಲ್ಲಿ ಎಲ್ಲರೂ ಹೊಸ ಮೇಡಂ ಅನ್ನುತ್ತಿದ್ದರು. ಒಂದೂವರೆ ವರ್ಷವಾದರೂ ಹೊಸಬಳೇ. ಯಾಕೆಂದರೆ ಅವಳಿಗಿಂತ ಹೊಸಬರನ್ನು ಆ ಪುನಶ್ಚೇತನ ಕೇಂದ್ರ ತೆಗೆದುಕೊಂಡಿರಲಿಲ್ಲ, ಅವಳನ್ನಾದರೂ ಕಾಯಂ ಮಾಡಿಕೊಂಡಿರಲಿಲ್ಲ. ಎರಡು ವರ್ಷದ ಕರಾರು, ಅದು ಮುಗಿಯಲು ಇನ್ನು ಆರು ತಿಂಗಳು. ಫಿಸಿಯೋಥೆರಪಿ ಓದಿ ಮುಗಿಸಿದ ಅವಳ ಜೊತೆಯವರಲ್ಲಿ ಅರ್ಧ ಜನ ಆಗಲೇ ಬೇರೆ ಬೇರೆ ಉದ್ಯೋಗ ಹಿಡಿದಿದ್ದರು. ಒಬ್ಬಳು ಔಷಧದಂಗಡಿಯಲ್ಲಿ ಕೂತಿದ್ದಳು. ನಮ್ಮ ಹೊಸ ಮೇಡಮ್ಮಿಗೆ ಆ ಗತಿ ಬೇಡವಾಗಿತ್ತು. ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ ಅವಳಿಗೆ ಹಿಡಿಸಿತ್ತು, ಅದೂ ಸುಮ್ಮನೆ ಹಿಡಿಸಿದ್ದಲ್ಲ, ಹುಚ್ಚು ಹಿಡಿಸಿತ್ತು.

ಊರಿನ ಇನ್ನೊಂದು ತುದಿಯಲ್ಲಿ ದೊಡ್ಡದೊಂದು ಪುನಶ್ಚೇತನ ಕೇಂದ್ರ ತೆರೆಯುತ್ತಿತ್ತು. ಅಲ್ಲಿ ಕೆಲಸಕ್ಕೆ ಜನ ಬೇಕು ಎಂಬುದು ಗೋಡೆಗೋಡೆಗೂ ಗೊತ್ತಿತ್ತು. ಅರ್ಜಿ ಹಾಕಿದರೆ ಸಾಲದು, ಯಾರಾದರೂ ಹೆಸರು ಹೇಳಬೇಕು ಎಂಬುದೂ ಗೊತ್ತಿತ್ತು. ಹೆಸರು ಹೇಳುವವನು ಒಬ್ಬನೇ, ಪರಿಚಯದಣ್ಣ.

ಪರಿಚಯದಣ್ಣ ಅವಳು ಕೆಲಸ ಮಾಡುತ್ತಿದ್ದ ಕೇಂದ್ರದ ಹಿರಿಯ ಫಿಸಿಯೋ. ರೋಗಿಗಳನ್ನು ಮನೆಗೆ ಕಳಿಸುವ ಕಾಗದಪತ್ರವೆಲ್ಲ ಅವನ ಕೈಯಲ್ಲೇ ಹಾದುಹೋಗಬೇಕು. ರೋಗಿಯ ಮೈ ಮುಟ್ಟಿ ಎಷ್ಟು ವರ್ಷವಾಯಿತೋ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಎಲ್ಲರನ್ನೂ ಪರಿಚಯ ಮಾಡಿಸುವುದೇ ಅವನ ಕಸುಬು, ಅದರಿಂದಲೇ ಆ ಹೆಸರು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಹೋಟೆಲಿನ ಮಹಡಿಯ ಕೋಣೆಯಲ್ಲಿ ಎಳೆಯ ಫಿಸಿಯೋಗಳನ್ನು, ಮಾತು ಕಲಿಸುವವರನ್ನು, ಕೃತಕ ಕಾಲು ಕೂರಿಸುವವರನ್ನು ಕೂಡಿಸುತ್ತಿದ್ದ. ಚಹಾ, ಬಿಸ್ಕತ್ತು, ಎದೆಯ ಮೇಲೆ ಹೆಸರಿನ ಚೀಟಿ.

"ಅರ್ಧ ನಿಮಿಷ ಅಷ್ಟೇ. ನೀನ್ಯಾರು, ಏನು ಮಾಡ್ತೀಯ, ನಿನ್ನಿಂದ ಅವರಿಗೇನು ಲಾಭ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿನ್ನ ಬಗ್ಗೆ ಕೇಳೋಕೆ ನಿಮ್ಮಮ್ಮನಿಗೂ ಪುರುಸೊತ್ತಿಲ್ಲ ತಂಗಿ," ಎಂದು ಅವಳಿಗೆ ಮೊದಲ ಸಲ ಪಾಠ ಹೇಳಿದ್ದ. ಎಲ್ಲರೂ ನಕ್ಕಿದ್ದರು. ನಿಜ ಹೇಳಬೇಕೆಂದರೆ ಪಾಠ ಚೆನ್ನಾಗಿಯೇ ಇತ್ತು. ಕೈ ಕುಲುಕುವಾಗ ಕಣ್ಣು ನೋಡು, ಮಾರನೆಯ ದಿನ ಎರಡು ಸಾಲಿನ ಧನ್ಯವಾದ ಕಳಿಸು, ಬೇಡುವ ಮುನ್ನ ಏನಾದರೂ ಕೊಡು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದ ಹುಡುಗಿ ಅವನಿಂದಲೇ ತಲೆ ಎತ್ತಿ ಮಾತಾಡಲು ಕಲಿತಳು. ಅದನ್ನು ಅಲ್ಲಗಳೆಯುವಂತಿಲ್ಲ.

ಆ ಮೊದಲ ದಿನ ಅವಳ ಪಕ್ಕದ ಕುರ್ಚಿಯಲ್ಲಿ ಚುರುಕಾದ ಹುಡುಗನೊಬ್ಬ ಕೂತಿದ್ದ. ಅವರದೇ ಕೇಂದ್ರದವನು, ಎಲ್ಲದಕ್ಕೂ ಯಾಕೆ ಎಂದು ಕೇಳುವವನು. ಮೂರನೆಯ ಕೂಟದಲ್ಲಿ ಆ ಕುರ್ಚಿ ಇರಲಿಲ್ಲ. ಕೂಟದ ಫೋನಿನ ಗುಂಪಿನಲ್ಲಿ ಅವನ ಹೆಸರೂ ಇರಲಿಲ್ಲ, ಕೇಂದ್ರದಲ್ಲೂ ಅವನು ಕಂಡಿರಲಿಲ್ಲ. "ಆ ಹುಡುಗ ಬರಲಿಲ್ವಾ ಅಣ್ಣ?" ಎಂದು ಕೇಳಿದಳು.

"ಯಾವ ಹುಡುಗ?" ಎಂದ ಪರಿಚಯದಣ್ಣ, ನಗುತ್ತಲೇ.

ಮೇಜಿನ ಸುತ್ತ ಕೂತವರೆಲ್ಲ ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕಿ ನೋಡುತ್ತಿದ್ದರು. ಅವಳೂ ತನ್ನ ಲೋಟ ನೋಡಿಕೊಂಡಳು. ಅವತ್ತು ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿದದ್ದು ಅವಳಿಗೆ ಈಗಲೂ ನೆನಪಿದೆ. ಆದರೆ ಅವತ್ತು ಅದಕ್ಕೆ ಕಾರಣ ತಲೆಯ ಮೇಲಿನ ಫ್ಯಾನು ಎಂದುಕೊಂಡಳು.

ಮನೆಯಲ್ಲಿ ಅಮ್ಮ ಒಬ್ಬಳೇ. ಅಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ತಂತಿ ಚುಚ್ಚಿ ಮಾತು ಜೋಡಿಸುವ ಕಾಲದವಳು. ಮಗಳು ಶನಿವಾರದ ಕೂಟದ ಬಗ್ಗೆ ಕೊಚ್ಚಿಕೊಂಡಾಗ ಅವಳು ಕನ್ನಡಕದ ಮೇಲಿಂದ ನೋಡಿ, "ಜನರನ್ನ ಜೋಡಿಸೋದು ನನಗೆ ಹೇಳಿಕೊಡ್ತೀಯೇನೆ? ಮೂವತ್ತು ವರ್ಷ ಅದೇ ಮಾಡಿದ್ದು. ಜೋಡಿಸಿದ ಮೇಲೆ ನಾವು ಲೈನು ಬಿಟ್ಟುಬಿಡ್ತಿದ್ವಿ. ನಿಮ್ಮಣ್ಣ ಬಿಡ್ತಾನೋ, ಕಿವಿ ಇಟ್ಕೊಂಡೇ ಇರ್ತಾನೋ?" ಎಂದಿದ್ದಳು.

"ನಿನಗೆ ಎಲ್ಲರ ಮೇಲೂ ಅನುಮಾನ ಕಣಮ್ಮ," ಎಂದು ಮಗಳು ಎದ್ದು ಹೋಗಿದ್ದಳು.

ಹೀಗಿರುವಾಗ ಕಟಿಂಗ್ ಮಾಸ್ಟ್ರು ಬಂದರು. ಐವತ್ತಾರು ವರ್ಷದ ದರ್ಜಿ, ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಪಾರ್ಶ್ವವಾಯು ಹೊಡೆದು ಆ ಎತ್ತಿದ ಕೈಯೇ, ಬಲಗೈಯೇ, ಬಿದ್ದುಹೋಗಿತ್ತು. ಬಲಗಾಲೂ ಅರ್ಧ ಸತ್ತಿತ್ತು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹೊರಗೋಡೆಗೆ ಅಂಟಿದ ಕಬ್ಬಿಣದ ಹದಿನಾಲ್ಕು ಮೆಟ್ಟಿಲು. "ನನಗೆ ಓಡೋದು ಬೇಡ, ಕುಣಿಯೋದು ಬೇಡ ಮೇಡಂ. ಆ ಮೆಟ್ಟಿಲು ಇಳಿದು ಅಂಗಡಿ ಬಾಗಿಲು ತೆಗೀಬೇಕು, ಅಷ್ಟೇ. ಎಡಗೈಯಲ್ಲಿ ಕತ್ತರಿ ಹಿಡಿಯೋದು ನಾನು ಕಲ್ತ್ಕೋತೀನಿ. ಗಿರಾಕಿಗಳ ಪ್ಯಾಂಟು ಸ್ವಲ್ಪ ಸೊಟ್ಟಗಾಗಬಹುದು, ಸಹಿಸ್ಕೋಬೇಕು," ಎನ್ನುತ್ತಿದ್ದರು.

ಎರಡೂವರೆ ತಿಂಗಳು ಅವರಿಗಾಗಿ ಅವಳು ಬೆವರು ಸುರಿಸಿದಳು. ಸೊಂಟಕ್ಕೆ ಬೆಲ್ಟು ಕಟ್ಟಿ, ಹಿಂದಿನಿಂದ ಹಿಡಿದು, "ಕಾಲು ನೋಡ್ಬೇಡಿ ಮಾಸ್ಟ್ರೇ, ಮುಂದೆ ನೋಡಿ" ಎಂದು ದಿನಕ್ಕೆ ನೂರು ಸಲ ಹೇಳಿದಳು. ಬೆಳಿಗ್ಗೆ ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ಮಾಸ್ಟ್ರು ಎಡಗೈ ಮೇಲೆತ್ತಿ ಸಲಾಮು ಹೊಡೆಯುತ್ತಿದ್ದರು. ಬೀಳದೆ ನಿಂತು ಕೈ ಎತ್ತುವುದೂ ಒಂದು ಸಾಧನೆ. ಅದನ್ನು ಕಲಿಸಿದವಳೂ ಅವಳೇ.

ಪರಿಚಯದಣ್ಣನ ಕಣ್ಣು ಇದರ ಮೇಲೆ ಬಿತ್ತು. "ಬರೋ ಶನಿವಾರ ಹೊಸ ಕೇಂದ್ರದ ಮುಖ್ಯಸ್ಥೆ ಕೂಟಕ್ಕೆ ಬರ್ತಾರೆ. ನೀನು ಈ ದರ್ಜಿಯ ವಿಷಯ ಅವರ ಮುಂದೆ ಹೇಳು, ಹತ್ತು ನಿಮಿಷ. ಆದ್ರೆ ಕಥೆ ಮುಗಿದಿರ್ಬೇಕು. ರೋಗಿ ಮನೆಗೆ ಹೋಗಿರ್ಬೇಕು. ಅರ್ಧಂಬರ್ಧ ಕಥೆ ಯಾರಿಗೂ ಬೇಡ."

ಮಾಸ್ಟ್ರು ಮನೆಗೆ ಹೋಗಲು ಇನ್ನೂ ಹತ್ತು ದಿನ ಬೇಕಿತ್ತು. ಪರಿಚಯದಣ್ಣ ಕಾಗದ ಸರಿಸಿದ, ಮನೆಗೆ ಕಳಿಸುವ ದಿನ ಶನಿವಾರ ಬೆಳಿಗ್ಗೆಗೆ ಬಂತು.

ಅಲ್ಲೊಂದು ನಿಯಮವಿತ್ತು. ಮೆಟ್ಟಿಲಿರುವ ಮನೆಗೆ ಹೋಗುವವರನ್ನು ಕಟ್ಟಡದ ಹಿಂಬದಿಯ ನಿಜವಾದ ಮೆಟ್ಟಿಲಿನಲ್ಲಿ ಪರೀಕ್ಷೆ ಮಾಡಬೇಕು. ಒಂದೇ ಸಾಲಿಗೆ ಹನ್ನೆರಡು ಮೆಟ್ಟಿಲು, ಹತ್ತಿ ಇಳಿಯಬೇಕು. ಇಳಿಯುವಾಗ ಫಿಸಿಯೋ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು, ಇನ್ನೊಬ್ಬರು ಬೆಲ್ಟು ಹಿಡಿದಿರಬೇಕು. ಮನೆಯ ಕಂಬಿ ಯಾವ ಕಡೆಗಿದೆ ಎಂದು ಕೇಳಿ ಬರೆದುಕೊಳ್ಳಬೇಕು. ಇದಕ್ಕೆಲ್ಲ ಮುಕ್ಕಾಲು ಗಂಟೆ ಹಿಡಿಯುತ್ತದೆ. ಶುಕ್ರವಾರ ಜೊತೆಗೆ ನಿಲ್ಲಬೇಕಾದವಳು ರಜೆ ಹಾಕಿದ್ದಳು. ನಮ್ಮವಳಿಗೆ ನಾಳೆಯ ಭಾಷಣ ಇನ್ನೂ ಬಾಯಿಪಾಠವಾಗಿರಲಿಲ್ಲ. ಅಭ್ಯಾಸದ ಕೋಣೆಯಲ್ಲೇ ಮಾಸ್ಟ್ರನ್ನು ನಾಲ್ಕು ಮೆಟ್ಟಿಲಿಗೆ ಹತ್ತಿಸಿ ಇಳಿಸಿದಳು. ಮೂರು ಸಲ. ಒಂದು ಸಲವೂ ತಡವರಿಸಲಿಲ್ಲ.

ಆದರೂ ಪೆನ್ನು ಮಾಸ್ಟ್ರನ್ನು ಮನೆಗೆ ಕಳಿಸುವ ಕಾಗದದ ಮೇಲೆ ನಿಂತೇ ಇತ್ತು. ಹಿಂದಿನಿಂದ ಪರಿಚಯದಣ್ಣ ಬಗ್ಗಿ ನೋಡಿದ. ಅವನು ಬಂದದ್ದು ಅವಳಿಗೆ ಕೇಳಿಸಿರಲಿಲ್ಲ.

"ಯಾಕೆ, ಮಗ್ಗಿ ಮರೆತುಹೋಯ್ತಾ? ನಾಲ್ಕು ಮೂರ್ಲ ಹನ್ನೆರಡು."

"ಆದ್ರೆ ಅಣ್ಣ, ಹಿಂದಿನ ಮೆಟ್ಟಿಲು..."

"ನಾನೂ ಹಾಗೇ ಬರೆದಿದ್ದೀನಿ. ಶನಿವಾರ ನಿನ್ನ ಜೊತೆ ಕೂತ್ಕೋತಾರಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಹಾಗೇ ಬರೆದಿದ್ದಾರೆ. ಬರೀದೇ ಇದ್ದವರು..." ಅವಳ ಭುಜ ತಟ್ಟಿ ಹೊರಟುಹೋದ.

ಅವಳು ಬರೆದಳು. "ಹನ್ನೆರಡು ಮೆಟ್ಟಿಲು, ಇನ್ನೊಬ್ಬರ ಆಸರೆ ಇಲ್ಲದೆ." ಕೆಳಗೆ ಸಹಿ.

ಶನಿವಾರ ಬೆಳಿಗ್ಗೆ ಮಾಸ್ಟ್ರು ಹೋದರು. ಮಧ್ಯಾಹ್ನ ಅವಳು ಮಾತಾಡಿದಳು, ಅದೂ ಹೇಗೆ, ನೀರು ಕುಡಿದಷ್ಟು ಸಲೀಸಾಗಿ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯಸ್ಥೆ, ಕೂದಲೆಲ್ಲ ಬೆಳ್ಳಗಾದ ಗಂಭೀರ ಹೆಂಗಸು, ಒಂದೇ ಒಂದು ಪ್ರಶ್ನೆ ಕೇಳಿದರು.

"ಮನೆ ಮೆಟ್ಟಿಲಿಗೆ ಕಂಬಿ ಯಾವ ಕಡೆ ಇದೆ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಅರ್ಧ ನಿಮಿಷವೂ ಬೇಡ, ಆದರೆ ಆ ಮಾತನ್ನು ಅಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ.

"ಎರಡೂ ಕಡೆ ಇದೆ ಮೇಡಂ," ಎಂದಳು.

"ಒಳ್ಳೇದು. ಸೋಮವಾರ ಹತ್ತು ಗಂಟೆಗೆ ಬಂದು ನನ್ನನ್ನ ಕಾಣಿ."

ಭಾನುವಾರ ಅವಳು ಮಾಸ್ಟ್ರ ಮನೆಗೆ ಫೋನು ಮಾಡಿದಳು. ವಿಚಾರಿಸಲು ಎಂದು ತನಗೆ ತಾನೇ ಹೇಳಿಕೊಂಡಳು. ಮಾಸ್ಟ್ರ ಹೆಂಡತಿ ಫೋನೆತ್ತಿದರು. ಅವರ ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

"ಹತ್ಕೊಂಡು ಬಂದ್ಬಿಟ್ರು ಮೇಡಂ! ಎಡಗೈಲಿ ಕಂಬಿ ಹಿಡ್ಕೊಂಡು, ಒಂದೇ ಸಮ. ಬೀದಿಯವರೆಲ್ಲ ನಿಂತು ನೋಡಿದ್ರು."

"ಕಂಬಿ ಎರಡೂ ಕಡೆ ಇದೆ ಅಲ್ವಾ ಅಮ್ಮಾ?"

"ಎಲ್ಲಿ ಬಂತು, ಒಂದೇ ಕಡೆ. ಇನ್ನೊಂದು ಕಡೆ ಗೋಡೆ ತಾನೇ."

ಹತ್ತುವಾಗ ಕಂಬಿ ಎಡಕ್ಕೆ. ಹಾಗಾದರೆ ಇಳಿಯುವಾಗ ಬಲಕ್ಕೆ, ಸತ್ತ ಕೈಯ ಕಡೆಗೆ. ಒಳ್ಳೆಯ ಕೈಗೆ ಸಿಗುವುದು ಬರೀ ನುಣುಪು ಗೋಡೆ.

"ಅವರು ಇಳಿಯೋದು ಯಾವಾಗ?"

"ನಾಳೆ ಹನ್ನೊಂದು ಗಂಟೆಗೆ. ಅಂಗಡಿ ತೆಗೀತಾರಂತೆ. ನೀವು ಬರೆದುಕೊಟ್ಟ ಕಾಗದ ಗೋಡೆಗೆ ಅಂಟಿಸಿದ್ದಾರೆ ಮೇಡಂ, ಬಂದವರಿಗೆಲ್ಲ ಓದಿಸ್ತಾರೆ. ಆಸರೆ ಇಲ್ಲದೆ ಹನ್ನೆರಡು ಮೆಟ್ಟಿಲು ಅಂತ. ನಾನು ಹಿಡ್ಕೋತೀನಿ ಅಂದ್ರೆ ಬೈತಾರೆ. ಮೇಡಂ ಸಹಿ ಮಾಡಿದಾರೆ, ನಿನ್ನದೇನು ಅಂತಾರೆ."

ಇಳಿಯಬೇಡಿ ಅನ್ನಬಹುದಿತ್ತು. ಎರಡೇ ಎರಡು ಮಾತು, ನಾನು ತಪ್ಪು ಬರೆದೆ, ಇಳಿಯಬೇಡಿ. ನಾಲಿಗೆ ತುದಿಗೆ ಬಂದ ಆ ಮಾತನ್ನು ಅವಳು ಉಗುಳಿನ ಜೊತೆ ನುಂಗಿದಳು. "ಹುಷಾರಮ್ಮಾ," ಎಂದಷ್ಟೇ ಹೇಳಿ ಫೋನು ಇಟ್ಟಳು.

ಬಾಗಿಲ ಬಳಿ ಅಮ್ಮ ನಿಂತಿದ್ದಳು. ಮೂವತ್ತು ವರ್ಷ ಬೇರೆಯವರ ಮಾತಿಗೆ ಕಿವಿ ಮುಚ್ಚಿಕೊಂಡವಳು ಅವತ್ತು ಪೂರ್ತಿ ಕೇಳಿಸಿಕೊಂಡಿದ್ದಳು. "ಮತ್ತೆ ಫೋನ್ ಮಾಡು," ಎಂದಳು.

"ನಾಳೆ ನಾನೇ ಹೋಗ್ತೀನಮ್ಮ. ಹತ್ತಕ್ಕೆ ಮುಖ್ಯಸ್ಥೆ ಹತ್ರ ಹೋಗಿ, ಹತ್ತೂವರೆಗೆ ಹೊರಟರೆ ಹನ್ನೊಂದರೊಳಗೆ ಅಲ್ಲಿರ್ತೀನಿ. ನಾನೇ ಕೆಳಗೆ ನಿಂತು ಇಳಿಸ್ತೀನಿ. ಯಾರಿಗೂ ಏನೂ ಗೊತ್ತಾಗಲ್ಲ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು. ಅವತ್ತು ಅದನ್ನು ಎಷ್ಟು ಸಲ ಒರೆಸಿದಳೋ.

ಸೋಮವಾರ ಮುಖ್ಯಸ್ಥೆ ಅವಳನ್ನು ಕಾಯಿಸಲಿಲ್ಲ. ಕಾಯಿಸಿದ್ದರೆ ಎದ್ದು ಬರುತ್ತಿದ್ದಳೋ ಏನೋ. ಕರೆದು ಕೂರಿಸಿ, ಕೇಂದ್ರವನ್ನೆಲ್ಲ ತೋರಿಸಿ, ಮುಂದಿನ ತಿಂಗಳಿಂದ ಬನ್ನಿ ಎಂದರು. ಗಾಜಿನ ಬಾಗಿಲು, ಹೊಸ ಬಣ್ಣದ ವಾಸನೆ, ಕಿಟಕಿ ಪಕ್ಕದಲ್ಲಿ ಅವಳಿಗೆಂದೇ ಒಂದು ಮೇಜು. ಅವಳು ನಗುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು. ಹೊರಗೆ ಬಂದಾಗ ಹತ್ತು ಮೂವತ್ತೈದು. ಆಟೋದವನಿಗೆ ಬೇಗ ಬೇಗ ಎಂದು ದಾರಿಯುದ್ದಕ್ಕೂ ಪ್ರಾಣ ತಿಂದಳು.

ಮಾಸ್ಟ್ರ ಬೀದಿ ತಿರುವಿನಲ್ಲಿ ಇಳಿದಾಗ ಹತ್ತು ಐವತ್ತು. ಇನ್ನೂ ಹತ್ತು ನಿಮಿಷವಿತ್ತು. ಆದರೆ ಮೂರು ತಿಂಗಳಿಂದ ಮುಚ್ಚಿದ್ದ ಅಂಗಡಿ ತೆಗೆಯುವ ಮನುಷ್ಯನಿಗೆ ಹನ್ನೊಂದರವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮಾಸ್ಟ್ರು ಆಗಲೇ ಮೆಟ್ಟಿಲಿನ ಮೇಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡ ಅಂಗೈ ಗೋಡೆಯ ಮೇಲೆ, ಕಣ್ಣು ಕಾಲಿನ ಕಡೆಗಲ್ಲ, ಮುಂದಕ್ಕೆ. ಅವಳು ಹೇಳಿಕೊಟ್ಟ ಹಾಗೆಯೇ. ಐದು ಮೆಟ್ಟಿಲು ಇಳಿದಾಗಿತ್ತು. ಕೆಳಗೆ ಮೂರು ನಾಲ್ಕು ಜನ ನಿಂತು ನೋಡುತ್ತಿದ್ದರು. ಅವರ ಹೆಂಡತಿ ಬೀಗದ ಕೈ ಹಿಡಿದು ಅಂಗಡಿ ಮುಂದೆ ನಿಂತಿದ್ದರು.

ಅವಳು ಓಡಿದಳು. "ಮಾಸ್ಟ್ರೇ!" ಎಂದು ಕೂಗಿದಳು. ಮುಂದಿನ ಮಾತು, ನಿಲ್ಲಿ ಎಂಬುದು, ಉಸಿರಿಗೆ ಸಿಕ್ಕಿಕೊಂಡಿತು.

ಮುಂದೆ ನೋಡುತ್ತಿದ್ದ ಮಾಸ್ಟ್ರಿಗೆ ಅವಳು ಕಂಡಳು. ಮುಖವೆಲ್ಲ ಅರಳಿತು. ಎರಡೂವರೆ ತಿಂಗಳು ದಿನಾ ಬೆಳಿಗ್ಗೆ ಮಾಡಿದ ಹಾಗೆ ಗೋಡೆಯಿಂದ ಎಡಗೈ ತೆಗೆದು ಮೇಲೆತ್ತಿ ಸಲಾಮು ಹೊಡೆದರು.

ಫಿಸಿಯೋ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ಅವಳು ಅರ್ಧ ಬೀದಿ ದೂರದಲ್ಲಿದ್ದಳು.

ಪ್ರಾಣ ಹೋಗಲಿಲ್ಲ. ಸೊಂಟದ ಮೂಳೆ ಮುರಿಯಿತು, ಅದೂ ಇದ್ದೊಂದು ಒಳ್ಳೆಯ ಎಡಗಡೆಯದು. ಆಸ್ಪತ್ರೆಗೆ ಒಯ್ಯುವಾಗ ಆ ನೋವಿನಲ್ಲೂ ಅವರು ಹೆಂಡತಿಗೆ ಹೇಳುತ್ತಿದ್ದದ್ದು ಒಂದೇ: "ಮೇಡಂ ತಪ್ಪೇನಿಲ್ಲ. ನಾನೇ ದಡ್ಡ, ಕೈ ಬಿಟ್ಟೆ."

ಮಾರನೆಯ ದಿನ ಪರಿಚಯದಣ್ಣ ಅವಳನ್ನು ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಒಂದು ನಮೂನೆ ಇತ್ತು. ಮನೆಗೆ ಹೋದ ರೋಗಿ ತಿಂಗಳೊಳಗೆ ಬಿದ್ದರೆ ಅದನ್ನು ತುಂಬಿ ಮೇಲಿನವರಿಗೆ ಕಳಿಸಬೇಕು. ಪೂರ್ಣ ಮೆಟ್ಟಿಲಿನಲ್ಲಿ ಪರೀಕ್ಷೆ ಆಗಿತ್ತೇ? ಹೌದು, ಇಲ್ಲ. ಹೌದು ಎಂಬಲ್ಲಿ ಆಗಲೇ ಗುರುತು ಬಿದ್ದಿತ್ತು. ಬೀಳಲು ಕಾರಣ ಎಂಬಲ್ಲಿ "ರೋಗಿಯ ಅಜಾಗರೂಕತೆ" ಎಂದು ಅಣ್ಣನ ಗುಂಡು ಗುಂಡು ಅಕ್ಷರ. ಅವಳಿಗೆ ಉಳಿದದ್ದು ಸಹಿಯ ಜಾಗ ಮಾತ್ರ.

"ರೋಗಿನೇ ಹೇಳ್ತಿದ್ದಾನೆ ತನ್ನದೇ ತಪ್ಪು ಅಂತ. ನಿನಗೇನು ಕಷ್ಟ?" ಎಂದ, ತುಂಬ ಮೃದುವಾಗಿ. "ಭಯ ಪಡ್ಬೇಡ ತಂಗಿ. ನಮ್ಮಲ್ಲಿ ಎಲ್ಲರಿಗೂ ಇಂಥದೊಂದು ಇದ್ದೇ ಇದೆ. ಯಾರದು ಏನು ಅಂತ ನನಗೆ ಗೊತ್ತು. ನಾನು ಯಾವತ್ತೂ ಯಾರಿಗೂ ಹೇಳಿಲ್ಲ. ಅದಕ್ಕೇ ನಾವೆಲ್ಲ ಒಂದು."

ಆಗ ಅವಳಿಗೆ ಶನಿವಾರದ ಆ ಕೂಟ ಕಣ್ಣಿಗೆ ಕಟ್ಟಿತು. ಚಹಾದ ಲೋಟದೊಳಗೆ ಇಣುಕುವ ಮುಖಗಳು, ತೆಗೆದುಹಾಕಿದ ಕುರ್ಚಿ. ಅಲ್ಲಿ ಅವರನ್ನು ಒಟ್ಟಿಗೆ ಕೂರಿಸಿದ್ದು ಪರಿಚಯವಲ್ಲ, ಹೆದರಿಕೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪೆನ್ನು ತೆಗೆದುಕೊಂಡು ಹೌದು ಎಂಬುದನ್ನು ಹೊಡೆದುಹಾಕಿ ಇಲ್ಲ ಎಂಬಲ್ಲಿ ಗುರುತು ಹಾಕಿದಳು. ಕೆಳಗೆ ಬರೆದಳು: "ಅಭ್ಯಾಸದ ಕೋಣೆಯ ನಾಲ್ಕು ಮೆಟ್ಟಿಲು, ಮೂರು ಸಲ. ಮನೆಯ ಕಂಬಿ ಯಾವ ಕಡೆ ಎಂದು ನಾನು ಕೇಳಿರಲಿಲ್ಲ." ಸಹಿ ಹಾಕಿದಳು.

ಪರಿಚಯದಣ್ಣ ಆ ಕಾಗದ ನೋಡಿದ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಬಾಗಿಲು ತೆರೆದು ಹಿಡಿದು, "ಇನ್ನು ನಿನ್ನ ಪರಿಚಯ ನೀನು ಮಾಡ್ಕೋಬೇಕಾಗಿಲ್ಲ ತಂಗಿ. ನೀನು ಹೋಗೋ ಕಡೆಗೆಲ್ಲ ನಾನೇ ಮೊದಲು ಮಾಡಿಕೊಟ್ಟಿರ್ತೀನಿ," ಎಂದ.

ಮಾತಿಗೆ ತಪ್ಪುವವನಲ್ಲ ಅವನು. ಸಂಜೆಯೊಳಗೆ ಫೋನಿನ ಗುಂಪಿನಿಂದ ಅವಳ ಹೆಸರು ಹೋಗಿತ್ತು. ಗುರುವಾರ ಹೊಸ ಕೇಂದ್ರದಿಂದ ಎರಡು ಸಾಲಿನ ಪತ್ರ ಬಂತು, ಸದ್ಯಕ್ಕೆ ಜಾಗ ಖಾಲಿ ಇಲ್ಲವಂತೆ. ಇನ್ನೆರಡು ಕಡೆ ಅರ್ಜಿ ಕೊಡಲು ಹೋದಾಗ, ಅವಳು ತನ್ನ ಅರ್ಧ ನಿಮಿಷ ಶುರು ಮಾಡುವ ಮೊದಲೇ, "ಓ, ಅದು ನೀವೇನಾ?" ಎಂದರು.

ಮೂರು ವಾರದ ಮೇಲೆ ಮಾಸ್ಟ್ರು ಗಾಲಿಕುರ್ಚಿಯಲ್ಲಿ ಅದೇ ಅಭ್ಯಾಸದ ಕೋಣೆಗೆ ಬಂದರು. ಅವಳ ಕರಾರಿಗೆ ಇನ್ನೂ ಎರಡು ತಿಂಗಳಿತ್ತು. ಬೇರೆಯವರು ಹತ್ತಿರ ಬಂದರೆ, "ನಮ್ಮ ಮೇಡಂ ಬರಲಿ, ಅವರ ಹತ್ರ ಬಿಟ್ಟು ಇನ್ನೊಬ್ಬರ ಹತ್ರ ನಾನು ಮಾಡಲ್ಲ," ಎಂದು ಹಟ ಹಿಡಿದರು. ಅವಳು ಬಂದಾಗ ಎಡಗೈ ಎತ್ತಲು ಹೋಗಿ, ಅರ್ಧಕ್ಕೇ ಇಳಿಸಿದರು. "ಇನ್ನು ಈ ಅಭ್ಯಾಸ ಬಿಡ್ಬೇಕು ಮೇಡಂ. ಈ ಕೈ ಮಾಡಿದ ಘನಕಾರ್ಯ ನೋಡಿ. ರಾತ್ರಿಯೆಲ್ಲ ಇದನ್ನೇ ಬೈಕೋತೀನಿ."

ಅವಳು ಅವರ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಹೆಂಡತಿಯೂ ಪಕ್ಕದಲ್ಲೇ ಇದ್ದರು. ಒಂದನ್ನೂ ಬಿಡದೆ ಹೇಳಿದಳು. ನಾಲ್ಕು ಮೆಟ್ಟಿಲು, ಮೂರು ಸಲ, ಶನಿವಾರದ ಚಪ್ಪಾಳೆ, ಭಾನುವಾರದ ಫೋನು, ನುಂಗಿದ ಮಾತು, ಸೋಮವಾರ ಹತ್ತು ಗಂಟೆ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಮಾಸ್ಟ್ರು ಎಷ್ಟೋ ಹೊತ್ತು ತಮ್ಮ ಎಡಗೈಯನ್ನೇ, ಅಂಗೈ ಮೇಲೆ ಮಾಡಿ ಕೆಳಗೆ ಮಾಡಿ, ನೋಡಿಕೊಂಡರು.

"ಹಾಗಾದ್ರೆ ಇದರ ತಪ್ಪಲ್ಲ," ಎಂದರು ಕೊನೆಗೆ.

"ಅಲ್ಲ ಮಾಸ್ಟ್ರೇ."

"ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಅವಳ ಮುಖ ನೋಡದೆ, "ಬೇರೆಯವರನ್ನ ಕಳಿಸಿ ಮೇಡಂ," ಎಂದರು.

ಅವಳು ಎದ್ದು ಹೋಗಿ, ಶುಕ್ರವಾರ ರಜೆ ಹಾಕಿದ್ದ ಆ ಇನ್ನೊಬ್ಬಳನ್ನು ಕಳಿಸಿದಳು. ತಾನು ಕೋಣೆಯ ಆ ಕೊನೆಯಲ್ಲಿ ಮತ್ತೊಬ್ಬ ರೋಗಿಯ ಮೊಣಕಾಲು ಮಡಿಸುತ್ತಾ ನಿಂತಳು. ಅಳಲು ತನಗೆ ಹಕ್ಕಿಲ್ಲ ಎನಿಸಿತು.

ಆರು ವಾರ ಕಳೆದ ಮೇಲೆ ಮಾಸ್ಟ್ರು ಮತ್ತೆ ಮರದ ಮೆಟ್ಟಿಲಿಗೆ ಬಂದರು. ಹತ್ತಿದರು, ತಿರುಗಿದರು, ಇಳಿದರು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮೂರನೆಯ ಸುತ್ತು ಮುಗಿಸಿ ನಿಂತಾಗ ಬಾಗಿಲಲ್ಲಿ ಪರಿಚಯದಣ್ಣ ಕೈಕಟ್ಟಿ ನಿಂತಿದ್ದ. ಜೊತೆಗಿದ್ದ ಆ ಇನ್ನೊಬ್ಬಳು ಅವನ ಕಡೆ ನೋಡಿ, ಮಾಸ್ಟ್ರನ್ನು ಮನೆಗೆ ಕಳಿಸುವ ಕಾಗದ ತೆಗೆದು, ಪೆನ್ನಿನ ಟೋಪಿ ಬಿಚ್ಚಿದಳು.

"ಎಷ್ಟು ಬರೀತಾ ಇದ್ದೀಯಮ್ಮ?" ಎಂದು ಮಾಸ್ಟ್ರು ಕೇಳಿದರು. ದರ್ಜಿಯ ದನಿ, ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾದದ್ದು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊಸ ಮೇಡಂ ಕೂಡ.

ಆ ಹುಡುಗಿಯ ಪೆನ್ನು ಕಾಗದದ ಮೇಲೆ ನಿಂತಿತ್ತು.

"ನಾಲ್ಕು," ಎಂದರು ಮಾಸ್ಟ್ರು. "ನಾಲ್ಕು ಅಂತ ಬರಿ."